ಪಹಣಿಯಲ್ಲಿ ಖರಾಬು, ಬಾಯಲ್ಲಿ ಅಡವಿ

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿದ್ದೆವು, ನಾನು ಮತ್ತು ನನ್ನ ಇಬ್ಬರು ಗೆಳತಿಯರು. ಗಂಗಾವತಿಯಲ್ಲಿ ಬಸ್ ಹತ್ತಿದವರು ಕಾಜಾ ಮುಟ್ಟಿದ್ದು ಐದನೇ ದಿನ. ಅದಕ್ಕಾಗಿ ವರ್ಷಪೂರ್ತಿ ದುಡ್ಡು ಕೂಡಿಸಿದ್ದೆ, ರಜೆಗಾಗಿ ಆಫೀಸಿನಲ್ಲಿ ಎಷ್ಟೋ ಸಲ ಕೇಳಿಕೊಂಡಿದ್ದೆ. ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬೋಳು ಬೆಟ್ಟ, ಜಾರಿ ಬಿದ್ದ ಕಲ್ಲಿನ ರಾಶಿ, ಕಣ್ಣು ಕುಕ್ಕುವ ಬಿಸಿಲು, ದೂರದ ಇಳಿಜಾರಿನಲ್ಲಿ ಸಾಲುಗಟ್ಟಿದ ಕುರಿ. ಎಷ್ಟು ನೋಡಿದರೂ ಸಾಲದು ಅನ್ನಿಸುತ್ತಿತ್ತು. ರಾತ್ರಿ ನಾವು ಉಳಿದ ಮನೆಯಲ್ಲಿ ಒಲೆಯ ಮುಂದೆ ಕೂತು ಚಹಾ ಕುಡಿಯುವಾಗ ಆ ಮನೆಯಾಕೆ, ನಿಮ್ಮ ಊರ ಕಡೆ ಹೇಗಿದೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಯೋಚನೆ ಕೂಡ ಮಾಡಲಿಲ್ಲ. "ನಮ್ಮ ಕಡೆ ನೋಡುವಂಥದ್ದು ಏನೂ ಇಲ್ಲ. ಬರೇ ಕಲ್ಲು, ಬಿಸಿಲು, ಕುರಿ" ಎಂದೆ. ಅವರು ಕತ್ತಲಾಗುತ್ತಿದ್ದ ಕಿಟಕಿಯ ಕಡೆ ಒಮ್ಮೆ ನೋಡಿ, "ಹಾಗಾದರೆ ನಮ್ಮಂಥದೇ ಊರು" ಎಂದರು.

ಆ ಮಾತು ಬಿಡದೆ ಬೆನ್ನು ಹತ್ತಿತು. ನಮ್ಮಲ್ಲಿ ಆನೆಗುಂದಿ ಇದೆ, ಅಂಜನಾದ್ರಿ ಇದೆ, ಹೊಳೆ ದಾಟಿದರೆ ಹಂಪಿ. ಬಂದ ನೆಂಟರಿಗೆ ತೋರಿಸಲು ಗುಡಿಗೋಪುರಕ್ಕೆ ಕೊರತೆಯಿಲ್ಲ. ಆದರೆ ಗುಡಿ ಇಲ್ಲದ, ಕೋಟೆ ಇಲ್ಲದ, ತೆಂಗಿನಕಾಯಿ ಅಂಗಡಿ ಇಲ್ಲದ ನೆಲವನ್ನು ಬರೇ ನೆಲವೆಂದು ನೋಡಲು ನಾನು ಯಾವತ್ತು ಹೋಗಿದ್ದೆ? ನಲವತ್ತೆರಡು ವರ್ಷ ಈ ಕಲ್ಲುಗಳ ನಡುವೆಯೇ ಬಸ್ಸಿನಲ್ಲಿ ಓಡಾಡಿದ್ದೇನೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಪರದೆ ಎಳೆದು ನಿದ್ದೆ ಮಾಡಿದ್ದೇನೆ. ಅದೇ ನಾನು ಸ್ಪಿತಿಯ ಜೀಪಿನಲ್ಲಿ ಹನ್ನೆರಡು ತಾಸು ರೆಪ್ಪೆ ಮುಚ್ಚದೆ ಕೂತಿದ್ದೆ.

ಅಡವಿ ಅಂದರೆ

ನಮ್ಮ ಮನೆಯ ಮಾತಿನಲ್ಲಿ ಅಡವಿ ಅಂದರೆ ಮರಗಿಡ ದಟ್ಟವಾಗಿ ಬೆಳೆದ ಜಾಗ ಎಂದಲ್ಲ. ಊರು ಮುಗಿದ ಮೇಲೆ ಶುರುವಾಗುವುದೆಲ್ಲ ಅಡವಿ. "ಮಾವ ಎಲ್ಲಿ?" ಅಂದರೆ "ಅಡವಿಗೆ ಹೋಗ್ಯಾನ" ಅನ್ನುತ್ತಾರೆ, ಆತ ಹೋಗಿರುವುದು ಹೊಲಕ್ಕೆ. ಎತ್ತು ತಪ್ಪಿಸಿಕೊಂಡರೆ "ಅಡವಿ ಬಿದ್ದು ಹೋತು" ಅನ್ನುತ್ತಾರೆ. ಹೊಲ, ಹಳ್ಳ, ಮಡ್ಡಿ, ಗುಡ್ಡ, ದಾರಿಬದಿಯ ಜಾಲಿ ಎಲ್ಲವೂ ಒಂದೇ ಅಡವಿ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಎಣಗಾಯಿ, ಕಡುಬು ಬುಟ್ಟಿಯಲ್ಲಿಟ್ಟುಕೊಂಡು ಚರಗ ಚೆಲ್ಲಲು ಹೋಗುತ್ತೇವಲ್ಲ, ಆ ಚರಗದಲ್ಲಿ ಬೆಳೆಯ ಪಾಲು, ಹಕ್ಕಿಯ ಪಾಲು, ಇಲಿಯ ಪಾಲು, ಕಣ್ಣಿಗೆ ಕಾಣದ ಭೂತಗಣದ ಪಾಲು ಎಲ್ಲ ಇರುತ್ತದೆ. ಯಾವುದು ಹೊಲ, ಯಾವುದು ಕಾಡು ಎಂದು ಅಜ್ಜಿ ಗೆರೆ ಎಳೆದು ಚೆಲ್ಲುತ್ತಿರಲಿಲ್ಲ.

ನನ್ನ ತಲೆಯೊಳಗೆ ಗೆರೆ ಎಳೆದದ್ದು ಶಾಲೆ, ಕ್ಯಾಲೆಂಡರು ಮತ್ತು ಈಗ ಮೊಬೈಲು. ಕಾಡು ಅಂದರೆ ಆಗುಂಬೆ, ಕೊಡಗು, ಜೋಗ. ಹಸಿರು, ಮಂಜು, ಜಿಗಣೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮಗೆ 600ರ ಆಸುಪಾಸು ಸಿಕ್ಕರೆ ಒಳ್ಳೆಯ ವರ್ಷ. ಆ ಅಳತೆಗೋಲು ಹಿಡಿದು ನೋಡಿದರೆ ನಮ್ಮದು ಸದಾ ಏನೋ ಕಳಕೊಂಡ ನಾಡಿನ ಹಾಗೆ ಕಾಣುತ್ತದೆ. ಹಿಂದೊಮ್ಮೆ ಹಸಿರಾಗಿತ್ತು, ಈಗ ಬೋಳಾಗಿದೆ ಎಂದು ನಾವೇ ನಂಬಿಕೊಂಡಿದ್ದೇವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬ ಇದೆ. ಹೊಸ ಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಇಂಥ ದಿಬ್ಬಗಳು ಈ ಸೀಮೆಯ ತುಂಬ ಇವೆ, ನಾಲ್ಕೈದು ಸಾವಿರ ವರ್ಷ ಹಳೆಯವು. ಅಂದರೆ ಅಷ್ಟು ಹಿಂದೆಯೇ ಇಲ್ಲಿ ಮಂದೆ ಸಾಕಲು ಬೇಕಾದಷ್ಟು ಬಯಲು ಇತ್ತು, ಹುಲ್ಲು ಇತ್ತು. ಈ ಬಯಲು ಯಾರೋ ನಿನ್ನೆ ಮೊನ್ನೆ ಮರ ಕಡಿದು ಉಳಿಸಿದ ಪಾಳು ಅಲ್ಲ. ಇದು ಹೀಗೆಯೇ ಇರುವ ನಾಡು.

ಮೋರೇರ ಗುಡ್ಡ

ಸ್ಪಿತಿಯಿಂದ ಬಂದ ಮುಂದಿನ ಏಪ್ರಿಲ್‌ನಲ್ಲಿ ನಾನು ಮತ್ತು ಚಿಕ್ಕಪ್ಪನ ಮಗಳು ಹಿರೇಬೆಣಕಲ್ಲಿಗೆ ಹೋದೆವು. ಗಂಗಾವತಿಯಿಂದ ಕೊಪ್ಪಳದ ದಾರಿಯಲ್ಲಿ ಹತ್ತು ಕಿಲೋಮೀಟರು. ಊರ ಹಿಂದಿನ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ, ಬಹುಪಾಲು 2,000ಕ್ಕೂ ಹೆಚ್ಚು ವರ್ಷ ಹಳೆಯವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಪೇಪರಿನಲ್ಲಿ ಫೋಟೋ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ, ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು, ಊರ ಪಕ್ಕದ ಗುಡ್ಡವಲ್ಲವೇ ಎಂದುಕೊಂಡು ಹತ್ತಲು ಶುರು ಮಾಡಿದೆವು. ಸ್ಪಿತಿಗೆ ಹೋಗುವಾಗ ಮೂರು ತಿಂಗಳು ತಯಾರಿ ಮಾಡಿದ್ದವಳು ನಾನು, ಇಲ್ಲಿಗೆ ಟೊಪ್ಪಿಗೆಯನ್ನೂ ತಂದಿರಲಿಲ್ಲ.

ಬಂಡೆಯ ಕಾವು ಚಪ್ಪಲಿಯ ಅಡಿಯಿಂದ ಹತ್ತುತ್ತದೆ. ಮೇಲಿನ ಬಿಸಿಲಿಗಿಂತ ಕೆಳಗಿನದು ಹೆಚ್ಚು. ದಾರಿ ಎರಡು ಸಲ ತಪ್ಪಿದೆವು. ಹನ್ನೆರಡರ ಹೊತ್ತಿಗೆ ನೀರು ಮುಗಿದಿತ್ತು, ತಂಗಿಯ ಕಣ್ಣು ಮಂಜಾಗಿ ಒಂದು ಗುಂಡಿನ ನೆರಳಿಗೆ ಕುಸಿದು ಕೂತಳು. ನನಗೆ ಕೈಕಾಲು ಆಡಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆಗ ಮೇಲಿನಿಂದ ಆಡಿನ ಗಂಟೆ ಸದ್ದು ಕೇಳಿತು, ಹಿಂದೆಯೇ ಒಬ್ಬ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೋಣಿಪಟ್ಟಿ ಹೊಲಿದ ನೀರಿನ ಕ್ಯಾನು. ಆ ಪಟ್ಟಿ ತೋಯ್ದು ತಣ್ಣಗಿತ್ತು. ಮೊದಲು ತಂಗಿಯ ನೆತ್ತಿಗೆ, ಆಮೇಲೆ ಬಾಯಿಗೆ ನೀರು ಹಾಕಿದ. "ಇಂಥಾ ಬಿಸಿಲಾಗ ಗುಡ್ಡ ಏರತಾರೇನವ್ವಾ? ನಾನs ಇಷ್ಟೊತ್ತಿಗೆ ಆಡು ನೆರಳಿಗೆ ಹೊಡಕೊಂಡ ಹೊಕ್ಕೀನಿ" ಎಂದ. ಬೈದದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

ಆತನೇ ನಮ್ಮನ್ನು ನೆರಳಿಗೆ ಕರೆದೊಯ್ದ. ಆ ನೆರಳು ಒಂದು ಕಲ್ಲುಮನೆಯದು. ಮೂರು ಕಡೆ ನಿಲ್ಲಿಸಿದ ಹಾಸುಗಲ್ಲು, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ಕೊರೆದ ದುಂಡನೆಯ ಕಿಂಡಿ. ಬೆನ್ನು ಆನಿಸಿದರೆ ಒಳಗಿನ ಕಲ್ಲು ತಣ್ಣಗೆ. ಗಾರೆ ಇಲ್ಲ, ಕಬ್ಬಿಣ ಇಲ್ಲ, ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿದೆ. ನಾನು ಕಿಂಡಿಯ ಅಂಚಿಗೆ ಬೆರಳಾಡಿಸಿದೆ. ದೂರಕ್ಕೆ ನುಣ್ಣಗೆ ಕಂಡರೂ ಮುಟ್ಟಿದರೆ ಸಣ್ಣ ಸಣ್ಣ ಕುಳಿ, ಕುಟ್ಟಿ ಕುಟ್ಟಿ ತೆಗೆದ ಗುರುತು. "ಇವು ಮೋರೇರ ಮನಿ. ಅವರು ಗಿಡ್ಡ ಮಂದಿ ಅಂತ. ಬೆಂಕಿ ಮಳಿ ಬರತೈತಿ ಅಂತ ಕಲ್ಲಿನ ಮನಿ ಕಟ್ಟಿಕೊಂಡ್ರು ಅಂತಾರ ನಮ್ಮ ಹಿರ್ಯಾರು" ಎಂದ ಅಜ್ಜ. ಇವು ಸಮಾಧಿ ಎಂದು ನಾನು ಓದಿದ್ದೆ. ಆದರೆ ಆ ಹೊತ್ತಿನಲ್ಲಿ, ಆ ಬೆಂಕಿಯಂಥ ಬಿಸಿಲಿನಲ್ಲಿ ಆ ಕಲ್ಲು ನಮ್ಮನ್ನು ಕಾದದ್ದಂತೂ ಖರೆ. ವಾದ ಮಾಡುವ ಮನಸ್ಸಾಗಲಿಲ್ಲ.

"ನೋಡಾಕ ಬಂದ್ರ ದಸರಾ ಆದ ಮ್ಯಾಲೆ ಬರ್ರಿ. ಆಗ ಗುಡ್ಡ ಗುಡ್ಡ ಇದ್ದಂಗ ಇರತೈತಿ" ಎಂದು ಹೇಳಿ ಕಳಿಸಿದ.

ಕಾರ್ತೀಕದಲ್ಲಿ ಹೋದೆ. ಬೆಳಿಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿದ್ದೆ, ಆ ಅಜ್ಜನೇ ಜೊತೆಗಿದ್ದ. ಅದೇ ಗುಡ್ಡ ಎಂದು ನಂಬುವುದು ಕಷ್ಟವಾಯಿತು. ಬಂಡೆಯ ಸಂದಿಗಳಲ್ಲೆಲ್ಲ ಸೊಂಟದೆತ್ತರ ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು. ತಂಗಡಿ ಗಿಡ ಹಳದಿ ಹೂ ಬಿಟ್ಟಿತ್ತು, ಬಂದರಿಕೆಯ ತೆಳು ಕಾಯಿ ಗಾಳಿಗೆ ಗಲಗಲ ಎನ್ನುತ್ತಿದ್ದವು. ಗುಡ್ಡದ ಮೇಲಿನ ಕೊಳದಲ್ಲಿ ನೀರು ತುಂಬಿತ್ತು. ಕಲ್ಲುಮನೆಗಳಿಗೆ ಚಪ್ಪಡಿ ಎಬ್ಬಿಸಿದ ಕುಳಿಯೇ ಆ ಕೊಳ. ಅಜ್ಜ ಹೆಜ್ಜೆಹೆಜ್ಜೆಗೂ ಒಂದೊಂದು ತೋರಿಸುತ್ತಿದ್ದ: ಇದು ಕರಡಿ ಕೆದರಿದ ಹುತ್ತ, ಇದು ಮುಳ್ಳುಹಂದಿ ಉದುರಿಸಿದ ಮುಳ್ಳು, ಈ ಬಂಡೆಯ ಮೇಲೆ ಬಿಳಿ ಸುರಿದಿದೆಯಲ್ಲ, ಮೇಲೆ ಗೂಬೆ ಇದೆ. ನಾನು ಅದೇ ದಾರಿಯಲ್ಲಿ ಏಪ್ರಿಲ್‌ನಲ್ಲಿ ನಡೆದಿದ್ದೆ, ಇದರಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಎತ್ತರದ ಒಂದು ಬಂಡೆಯ ನೆತ್ತಿಗೆ ಅರ್ಧಗೋಳದ ನಗಾರಿ ಕಲ್ಲು ಕೂತಿದೆ. ಬಡಿದರೆ ಒಂದು ಕಿಲೋಮೀಟರು ದೂರಕ್ಕೂ ಕೇಳುತ್ತದೆ. ಅಜ್ಜ ಹುಷಾರಾಗಿ ಹತ್ತಿ, ಕೈಯಲ್ಲಿದ್ದ ಕೋಲಿನಿಂದ ಒಮ್ಮೆ ಮಾತ್ರ ತಟ್ಟಿದ. ಕಲ್ಲಿನ ಸದ್ದು ಎಂದು ಯಾರೂ ಹೇಳಲಾರರು, ಲೋಹದ ಹಾಗೆ ಗುಂಯ್ ಎಂದು ಎದುರಿನ ಗುಡ್ಡಕ್ಕೆ ಹೋಗಿ ಬಂತು. ಕೆಳಗೆ ಆಡುಗಳು ತಲೆ ಎತ್ತಿದವು. "ಸಾಕು, ಮಕ್ಕಳಾಟ ಆಗಬಾರದು" ಎಂದು ಇಳಿದು ಬಂದ.

ಇಳಿಯುವಾಗ ಒಂದು ಬಂಡೆಯ ಪಕ್ಕ ನಿಂತು ಬಹಳ ಹೊತ್ತು ನೋಡಿದೆ. ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಬೆರಳು ದಪ್ಪದ ಪದರು ಏಳುತ್ತಿತ್ತು. ನಮ್ಮ ಈ ಗುಂಡುಗಳನ್ನು ಯಾರೋ ಪೇರಿಸಿಟ್ಟರು, ವಾನರಸೇನೆ ಎಸೆದಾಡಿತು ಎಂದು ಕೇಳುತ್ತಾ ಬೆಳೆದವಳು ನಾನು. ನಿಜದಲ್ಲಿ ಇವು ಎಲ್ಲಿಂದಲೂ ಬಂದಿಲ್ಲ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಒಂದೇ ಗಟ್ಟಿ ಕಲ್ಲು, ಅಡ್ಡ ಉದ್ದ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿದು ಅಂಚುಗಳನ್ನು ಕೊಳೆಸಿ ಮಣ್ಣು ಮಾಡಿತು, ಮೂಲೆಗಳು ಉರುಟಾದವು. ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋಯಿತು. ಒಂದರ ಮೇಲೊಂದು ಕೂತ ಗುಂಡುಗಳು ತಾವು ಹುಟ್ಟಿದ ಜಾಗದಲ್ಲೇ ಉಳಿದವು. ಇದು ತಿಳಿದ ಮೇಲೆ ಗಂಗಾವತಿ ಬಸ್ಸಿನಲ್ಲಿ ನನಗೆ ನಿದ್ದೆ ಬರುವುದಿಲ್ಲ.

ಖರಾಬು

ಅಪ್ಪ ಗ್ರಾಮ ಲೆಕ್ಕಿಗನಾಗಿದ್ದವರು. ಮನೆಯಲ್ಲಿ ಪಹಣಿಯ ಮಾತು ಅನ್ನ ಸಾರಿನಷ್ಟೇ ಸಲೀಸು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಬರೆದು, ಅದರಲ್ಲಿ ಖರಾಬು ಕಳೆದು, ಉಳಿದದ್ದು ಸಾಗುವಳಿಗೆ ಎನ್ನುತ್ತಾರೆ. "ಅ" ಖರಾಬು ಅಂದರೆ ಉಳುಮೆಗೆ ಬಾರದ ಕಲ್ಲು, ಮಡ್ಡಿ. "ಬ" ಖರಾಬು ಅಂದರೆ ಹಳ್ಳ, ದಾರಿ, ಮಸಣದಂಥ ಸಾರ್ವಜನಿಕ ಜಾಗ. ಕಂದಾಯ ಲೆಕ್ಕ ಹಾಕಲು ಅದು ಬೇಕಾದ ಮಾತು, ನನಗೆ ಗೊತ್ತು. ಆದರೆ ಲೆಕ್ಕದ ಮಾತು ಮನಸ್ಸಿನ ಮಾತಾದಾಗ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗಳಲ್ಲಿ ಕಣ್ಣಾರೆ ನೋಡಬಹುದು. ಉಳುವುದಕ್ಕೆ ಬಾರದ್ದು ಯಾವುದಕ್ಕೂ ಬಾರದ್ದು ಎಂದಾಯಿತು. ಯಾವುದಕ್ಕೂ ಬಾರದ್ದನ್ನು ಯಾರು ಏನು ಮಾಡಿದರೂ ಕೇಳುವವರಿಲ್ಲ.

ನಾನು ಸಣ್ಣವಳಿದ್ದಾಗ ಪಂಚಮಿ ಮರುದಿನ ಹತ್ತುತ್ತಿದ್ದ ಒಂದು ಸಣ್ಣ ಗುಡ್ಡ ಈಗ ಇಲ್ಲ. ಅಲ್ಲಿ ಕಲ್ಲಿನ ಕ್ವಾರಿಯ ಹೊಂಡ ಇದೆ, ಮಳೆಗಾಲದಲ್ಲಿ ಹಸಿರು ನೀರು ನಿಲ್ಲುತ್ತದೆ. ಗುಡ್ಡ ಹೋಯಿತು ಎಂದು ಅಳುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಬೇವಿನ ಗಿಡ ಕಡಿದರೆ ಊರೆಲ್ಲ ಸೇರುತ್ತದೆ, ಗುಡ್ಡ ಸಿಡಿಸಿದರೆ ಮಧ್ಯಾಹ್ನದ ಸದ್ದು ಎಂದು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗಗಳಿವೆ, ದನಗಳ ಚಿತ್ರ ಕೆತ್ತಿದ ಕರಿಬಂಡೆಗಳಿವೆ, ಬಡಿದರೆ ಗಂಟೆಯಂತೆ ನುಡಿಯುವ ಕಲ್ಲುಗಳಿವೆ. ಅಲ್ಲಿಗೂ ಕಲ್ಲುಗಣಿಯ ಸುತ್ತಿಗೆ ಮುಟ್ಟಿತ್ತು. ಸಂಡೂರಿನ ಬೆಟ್ಟಗಳಿಗೆ ಕಬ್ಬಿಣದ ಅದಿರಿನಿಂದ ಏನಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ತನಕ ಆ ರಸ್ತೆಯ ಗಿಡಗಳ ಬಣ್ಣ ಯಾವುದಿತ್ತು ಎಂದು ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಮನಸ್ಸಿಗೆ ಬಹಳ ಚುಚ್ಚುತ್ತದೆ. ಖಾಲಿ ಬಿದ್ದಿದೆ, ಹಸಿರು ಮಾಡೋಣ ಎಂದು ಒಳ್ಳೆಯ ಮನಸ್ಸಿನಿಂದಲೇ ತಂದು ಹಬ್ಬಿಸಿದ ಗಿಡ ಈಗ ನಮ್ಮ ಬಯಲನ್ನೆಲ್ಲ ನುಂಗಿದೆ. ಅಮೆರಿಕ ಖಂಡದ ಆ ಮುಳ್ಳುಗಿಡಕ್ಕೆ ಕನ್ನಡದಲ್ಲಿ ಹೆಸರು ಬಳ್ಳಾರಿ ಜಾಲಿ. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲು ಹೋದರೆ ಕುರಿಗೂ ಇಲ್ಲ, ಚಿಗರಿಗೂ ಇಲ್ಲ. ದೂರದಿಂದ ನೋಡಿದವರಿಗೆ ಮಾತ್ರ ಹಸಿರು.

ಎಲ್ಲ ಹಾಳಾಗಿದೆ ಎಂದು ಬರೆಯಲು ಕೂತಿಲ್ಲ. ದರೋಜಿ ಕರಡಿಧಾಮ 1994ರಲ್ಲಿ ಆಯಿತು. ಆಮೇಲೆ ಅರಣ್ಯ ಇಲಾಖೆಯವರು ನೆಟ್ಟು ಬೆಳೆಸಿದ ಕಮರ, ಕವಳಿ, ಬಾರಿ ಗಿಡಗಳು ಇಂದು ಅಲ್ಲಿನ ಗುಡ್ಡ ಮುಚ್ಚಿವೆ. ಸಂಜೆಯ ಹೊತ್ತು ವೀಕ್ಷಣಾ ಗೋಪುರದಲ್ಲಿ ಕೂತರೆ, ಬಂಡೆಯ ಮೇಲೆ ಸವರಿದ ಬೆಲ್ಲಕ್ಕೆ ಕರಡಿ ಇಳಿದು ಬರುತ್ತವೆ. ಒಂದು ತಾಯಿ ಬೆನ್ನ ಮೇಲೆ ಎರಡು ಮರಿ ಹೊತ್ತು ಬಂದದ್ದನ್ನು ನೋಡಿದ್ದೇನೆ. ಆದರೆ ಬೆಲ್ಲ ನೆಕ್ಕುವ ಕರಡಿಗಿಂತ ನನಗೆ ನೆನಪಿರುವುದು ಅದರ ಸದ್ದು. ದಾರಿ ಪಕ್ಕ ಯಾವುದೋ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುತ್ತಿತ್ತು, ಕಣ್ಣಿಗೆ ಕಾಣಲಿಲ್ಲ. ಮೇಲಿನ ಎರಡು ಮುಂಬಲ್ಲು ಇಲ್ಲದ ಸಂದಿಯಿಂದ ಗಾಳಿ ಎಳೆದು ಹೀರುವ ಆ ಸದ್ದು, ಹಳೆಯ ಪಂಪು ಗಾಳಿ ಹಿಡಿದ ಹಾಗೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಿಟ್ಟರು, ದೇಶದಲ್ಲೇ ಮೊದಲು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ಈಗ ತೋಳಧಾಮ. ತೋಳಕ್ಕೆ ಒಂದು ಧಾಮ! ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂದು ಗಾದೆ ಕಟ್ಟಿದ ನಮ್ಮ ನಾಡಿನಲ್ಲಿ. ಆ ಸುದ್ದಿ ಓದಿದ ದಿನ ನಾನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ.

ತೋಳದ ಹೆಜ್ಜೆ

ಕಳೆದ ಎಳ್ಳಮಾವಾಸ್ಯೆಗೆ ಯಲಬುರ್ಗಾ ಕಡೆಯ ಸೋದರಮಾವನ ಊರಿಗೆ ಹೋಗಿದ್ದೆವು. ಚರಗ ಚೆಲ್ಲಿ, ಉಂಡು, ರಾತ್ರಿ ಅಲ್ಲೇ ಉಳಿದೆವು. ಮರುದಿನ ನಸುಕಿನಲ್ಲಿ ಅಪ್ಪ ಎಬ್ಬಿಸಿದರು: "ಏಳs, ಅಡವಿ ಕಡೆ ಒಂದು ಸುತ್ತು ಹಾಕಿ ಬರೂಣು." ಎಪ್ಪತ್ತೊಂದು ವರ್ಷ, ಮೊಣಕಾಲು ನೋವು, ಆದರೆ ಹೊಲದ ಬದುವಿನ ಮೇಲೆ ನನಗಿಂತ ಚೆಂದ ನಡೆಯುತ್ತಾರೆ. ಒಂದು ಕಡೆ ಎರೆ ಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು, ಇನ್ನೊಂದು ಕಡೆ ಮಸಾರಿಯಲ್ಲಿ ಕುರಿ ತರುಬಿದ್ದರು. ಬಲೆಯೊಳಗೆ ಕುರಿಗಳು ಮೈಗೆ ಮೈ ತಾಗಿಸಿ ಮಲಗಿದ್ದವು, ಮೇಲೆ ತೆಳ್ಳಗೆ ಆವಿ ಏಳುತ್ತಿತ್ತು. ಕುರಿಯವ ಬೆಂಕಿ ಕಾಯಿಸುತ್ತಾ ಕೂತಿದ್ದ.

"ರಾತ್ರಿ ಬಂದಿತ್ರೀ ಸಾವಕಾರ್ರ" ಎಂದ ಅಪ್ಪನನ್ನು ನೋಡಿ. "ಒಂದ ಮರಿ ಒಯ್ದೈತಿ."

ಅಪ್ಪ ಅಯ್ಯೋ ಅಂದರು, ಅರ್ಜಿ ಕೊಟ್ಟರೆ ಪರಿಹಾರ ಸಿಗುತ್ತದೆ, ಕೊಟ್ಟೀಯೇನು ಎಂದು ಕೇಳಿದರು. ಆತ ಕಟ್ಟಿಗೆ ಮುಂದಕ್ಕೆ ತಳ್ಳಿ, "ಕೊಡಬೇಕು. ಆದ್ರ ಅದೂ ಹೊಟ್ಟಿಗೆ ಹುಟ್ಟೈತ್ರಿ. ನೂರಾ ಎಪ್ಪತ್ತರಾಗ ಒಂದು ಅದರ ಪಾಲು" ಎಂದ. ಆತನ ಹೆಂಡತಿ ಮಾತ್ರ ಆ ಕಡೆ ತಿರುಗಿ ಕೂತಿದ್ದಳು. ಮರಿ ಆಕೆ ಸಾಕಿದ್ದು. ಆಕೆಯ ಮುಖ ನೋಡಿದ ಮೇಲೆ ತೋಳದ ಬಗ್ಗೆ ನನ್ನ ಖುಷಿಯನ್ನು ಆ ಬೆಂಕಿಯ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ. ತೋಳ ಉಳಿಯಬೇಕು ಎನ್ನುವ ನಾನು ಒಂದು ಮರಿಯನ್ನೂ ಕಳಕೊಂಡವಳಲ್ಲ. ದೇಶದಲ್ಲಿ ಉಳಿದ ತೋಳ 3,000 ಆಸುಪಾಸು ಎಂಬ ಅಂದಾಜಿದೆ, ಹುಲಿಗಿರುವಷ್ಟೇ ಕಾನೂನಿನ ರಕ್ಷಣೆ ಅದಕ್ಕೂ ಇದೆ. ಆದರೆ ಅದು ಇಷ್ಟು ದಿನ ಬದುಕಿದ್ದು ಹೆಚ್ಚಾಗಿ ಈತನಂಥವರು ಪಾಲು ಎಂದು ಬಿಟ್ಟದ್ದರಿಂದ ಎಂದು ನನಗೆ ಅನ್ನಿಸುತ್ತದೆ.

ನಾವು ಮಡ್ಡಿಯ ಕಡೆ ನಡೆದೆವು. ಗರಸು ನೆಲ, ಮೊಣಕಾಲೆತ್ತರ ಒಣಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಕಾರೆಗಿಡ, ಆಚೆ ಗಾಳಿಯಂತ್ರಗಳ ಸಾಲು. ಸೂರ್ಯ ಇನ್ನೂ ಮೂಡಿರಲಿಲ್ಲ. ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದರು. ಮಡ್ಡಿಯ ನೆತ್ತಿಯಲ್ಲಿ ಒಂದು ಪ್ರಾಣಿ ಅಡ್ಡ ಹೋಗುತ್ತಿತ್ತು. ಮೊದಲು ನಾಯಿ ಅಂದುಕೊಂಡೆ. ನಾಯಿ ಹಾಗೆ ನಡೆಯುವುದಿಲ್ಲ. ಉದ್ದನೆಯ ತೆಳ್ಳಗಿನ ಕಾಲು, ಹೆಗಲ ಮಟ್ಟಕ್ಕೆ ತಗ್ಗಿಸಿದ ತಲೆ, ಅವಸರವೂ ಇಲ್ಲ ಹೆದರಿಕೆಯೂ ಇಲ್ಲ. ಹುಲ್ಲಿನ ಬಣ್ಣವೇ ಎದ್ದು ನಡೆದ ಹಾಗಿತ್ತು. ಒಂದು ಸಲ ನಿಂತು ನಮ್ಮ ಕಡೆ ನೋಡಿತು. ಕಿವಿ ಮುಂದಕ್ಕೆ ನೆಟ್ಟಗಾದವು. ನಾನು ಉಸಿರು ಹಿಡಿದಿದ್ದೆ. ಆಮೇಲೆ ಅದು ಆಚೆ ಇಳಿಜಾರಿಗೆ ಇಳಿಯಿತು. ಬರೇ ಮಡ್ಡಿ ಉಳಿಯಿತು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಈ ಸರ್ವೆ ನಂಬರ್ ನನಗ ಗೊತ್ತೈತಿ. ಪೂರ್ತಿ ಖರಾಬ್ ಅಂತ ನಾನs ಬರದೀನಿ" ಎಂದರು.

ಅದು ದಾಟಿದ ಜಾಗಕ್ಕೆ ಹೋಗಿ ನೋಡಿದೆವು. ಗರಸಿನಲ್ಲಿ ಹೆಜ್ಜೆ ಮೂಡಿರಲಿಲ್ಲ, ಆದರೆ ಮಳೆನೀರು ಹರಿದು ನುಣ್ಣನೆ ಮಣ್ಣು ಕೂತ ಒಂದು ತಗ್ಗಿನಲ್ಲಿ ಒಂದೇ ಒಂದು ಚೊಕ್ಕವಾಗಿ ಬಿದ್ದಿತ್ತು. ನಾಲ್ಕು ಬೆರಳು, ಅವುಗಳ ಮುಂದೆ ಉಗುರಿನ ಚುಕ್ಕಿ. ನನ್ನ ಮೊಬೈಲು ಮನೆಯಲ್ಲೇ ಉಳಿದಿತ್ತು. ಅಪ್ಪ ಮೊಣಕಾಲು ಹಿಡಿದುಕೊಂಡು ಕೆಳಗೆ ಕೂತು, ಬೆರಳಿನಿಂದ ಉದ್ದ ಅಗಲ ಅಳತೆ ಹಾಕಿದರು. ಕುರಿ ಬಿಡುವ ಹೊತ್ತಾಗಿತ್ತು, ಮಂದೆ ಇದೇ ದಾರಿಯಲ್ಲಿ ಬಂದರೆ ತುಳಿದು ಹೋಗುತ್ತದೆ ಎಂದು ಸುತ್ತ ನೋಡಿ, ಮುಷ್ಟಿಗಾತ್ರದ ನಾಲ್ಕು ಕಲ್ಲು ಆರಿಸಿ ತಂದು ಹೆಜ್ಜೆಯ ನಾಲ್ಕು ಮೂಲೆಗೆ ಇಟ್ಟರು, ಬಾಂದುಗಲ್ಲು ಹುಗಿಯುವ ಹಾಗೆ ಒಂದೊಂದನ್ನೂ ಒತ್ತಿ ಗಟ್ಟಿ ಮಾಡಿದರು. "ಓಡು, ನಿಮ್ಮ ಮಾವನ್ನ ಕರಕೊಂಡ ಬಾ" ಎಂದರು. ನಾನು ಓಡಿದೆ.